ಕೊಳಕ್ಕೆ ಸುಣ್ಣ ಬಳಿದ ಯುಗಾದಿ

ನಮ್ಮ ಮನೆಯಲ್ಲಿ ಎರಡು ಜರಡಿಗಳಿವೆ. ಒಂದು ರಾಗಿ ಹಿಟ್ಟಿಗೆ, ಇನ್ನೊಂದು ಮೀನಿಗೆ. ಮೀನಿನ ಜರಡಿಯೂ ಮೊದಲು ರಾಗಿ ಹಿಟ್ಟಿನದೇ ಆಗಿತ್ತು. ಅದಕ್ಕೆ ಸಿಕ್ಕಿದ್ದು ಬಡ್ತಿಯೋ ಹಿಂಬಡ್ತಿಯೋ ಎಂಬ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ವರ್ಷವಿಡೀ ಅದು ಹಿತ್ತಲ ಜಗಲಿಯ ಮೊಳೆಗೆ ಸುಮ್ಮನೆ ನೇತಾಡುತ್ತಿರುತ್ತದೆ. ಶಿವರಾತ್ರಿ ಕಳೆದು, ಚಳಿ ಶಿವಶಿವಾ ಎಂದು ಜಾಗ ಖಾಲಿ ಮಾಡಿ, ಹಿತ್ತಲ ಹೊಂಗೆಮರ ಎಲೆ ಉದುರಿಸಲು ಶುರುಮಾಡಿದ ದಿನ ನಾನು ಅದನ್ನು ಇಳಿಸಿ ಧೂಳು ಕೊಡವುತ್ತೇನೆ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ನಮ್ಮ ಯಜಮಾನರು ಪೇಪರು ಮಡಿಸಿ, ಚಪ್ಪಲಿ ಮೆಟ್ಟಿ, ಪೇಟೆಯಲ್ಲಿ ಏನೋ ಅರ್ಜೆಂಟ್ ಕೆಲಸವಿದೆ ಎಂದು ಹೊರಟುಬಿಡುತ್ತಾರೆ. ಕೊಳ ತೊಳೆಯುವ ಕಾಲ ಬಂತೆಂದು ಅವರಿಗೆ ಗೊತ್ತು.

ಹೌದು, ನಮ್ಮ ಹಿತ್ತಲಲ್ಲಿ ಒಂದು ಕೊಳವಿದೆ. ಈ ಮಾತು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ನೀವು ಮನ್ನಿಸಬೇಕು. ನೀರು ಕಂಡ ಸೀಮೆಯವರಿಗೆ ಇದು ದೊಡ್ಡ ಮಾತಲ್ಲ. ಆದರೆ ಅರಸೀಕೆರೆಯಲ್ಲಿ, ನಲ್ಲಿಯಲ್ಲಿ ನೀರು ಬರುವ ದಿನವನ್ನು ನೆಂಟರ ದಾರಿ ಕಾದಂತೆ ಕಾಯುವ ಊರಿನಲ್ಲಿ, ಮೀನು ಸಾಕಲೆಂದು ನೀರು ನಿಲ್ಲಿಸಿಕೊಂಡ ಹೆಂಗಸು ಒಂದೋ ಹುಚ್ಚಿಯಾಗಿರಬೇಕು, ಇಲ್ಲ ರಾಣಿಯಾಗಿರಬೇಕು. ನಮ್ಮೂರಿಗೆ ಹೆಸರು ಬಂದದ್ದೇ ಯಾರೋ ಒಬ್ಬ ಅರಸಿ ಕೆರೆ ಕಟ್ಟಿಸಿದ್ದರಿಂದ ಎನ್ನುತ್ತಾರೆ. ಅವಳನ್ನು ಬಿಟ್ಟರೆ ಈ ಊರಿನಲ್ಲಿ ನೀರು ನಿಲ್ಲಿಸಿದವಳು ನಾನೇ ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದೆ. ಆ ಅರಸಿ ಟ್ಯಾಂಕರ್ ನೀರು ತರಿಸಿಕೊಳ್ಳುತ್ತಿರಲಿಲ್ಲ ಎಂದರು ಯಜಮಾನರು. ಅವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು, ಯಾವ ಮಾತನ್ನು ಎಲ್ಲಿ ನಿಲ್ಲಿಸಬೇಕೆಂದು ಚೆನ್ನಾಗಿ ಬಲ್ಲರು.

ನಿಜ ಹೇಳಬೇಕೆಂದರೆ ಅದು ಹುಟ್ಟುತ್ತಲೇ ಕೊಳವಲ್ಲ. ಮನೆ ಕಟ್ಟಿಸುವಾಗ ಗೋಡೆಗೆ ನೀರು ಹೊಡೆಯಲೆಂದು ಗಾರೆಯವರು ಹಿತ್ತಲಲ್ಲಿ ಕಟ್ಟಿಕೊಂಡ ತೊಟ್ಟಿ. ಹತ್ತಡಿ ಉದ್ದ, ಆರಡಿ ಅಗಲ, ಆಳ ನನ್ನ ಸೊಂಟದವರೆಗೆ. ಗೃಹಪ್ರವೇಶವಾದ ಮೇಲೆ ಒಡೆದು ಹಾಕಬೇಕಿತ್ತು. ಇವತ್ತು ನಾಳೆ ಎನ್ನುವಷ್ಟರಲ್ಲಿ ಅದರಲ್ಲಿ ಮಳೆ ನೀರು ನಿಂತಿತು, ಪಾಚಿ ಕಟ್ಟಿತು. ಒಂದು ದಿನ ಆರೋಗ್ಯ ಇಲಾಖೆಯ ಹೆಣ್ಣುಮಗಳೊಬ್ಬಳು ಮನೆಮನೆ ತಪಾಸಣೆಗೆ ಬಂದವಳು ತೊಟ್ಟಿಗೆ ಟಾರ್ಚು ಬಿಟ್ಟು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು, ಇದು ನಿಮ್ಮ ಮನೆಯಾ ಮಿಸ್ ಎಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಸೊಳ್ಳೆಯ ಜೀವನಚಕ್ರವನ್ನು ನಾನೇ ಅವಳ ಕೈಯಲ್ಲಿ ಮೂರು ಸಲ ಬರೆಸಿದ್ದೆ. ಆ ಚಕ್ರದ ಎರಡನೆಯ ಹಂತ ಈಗ ನನ್ನ ತೊಟ್ಟಿಯಲ್ಲಿ ಗುಂಪು ಗುಂಪಾಗಿ ಓಲಾಡುತ್ತಿತ್ತು. ಒಳ್ಳೆಯ ಹುಡುಗಿ. ಮಾರನೆಯ ದಿನ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಉಗುರುದ್ದದ ಗಪ್ಪಿ ಮೀನುಗಳನ್ನು ತಂದು ತೊಟ್ಟಿಗೆ ಸುರಿದು, ಇವು ಸೊಳ್ಳೆಮರಿಗಳನ್ನು ತಿಂದುಹಾಕುತ್ತವೆ ಎಂದು ನನಗೇ ಪಾಠ ಹೇಳಿ ಹೋದಳು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಅದು ನಿಮಗೆ ಬೇಕಾಗುತ್ತದೆ.

ಮೀನು ಬಂದ ಮೇಲೆ ತೊಟ್ಟಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ಕೊಳ ಎಂದೆ. ಕೊಳ ಎಂದ ಮೇಲೆ ಅದು ಕೊಳದಂತೆ ಕಾಣಬೇಕಲ್ಲ. ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಕಲ್ಲಿನ ಕಲ್ಯಾಣಿಯೊಂದಿದೆ, ನಾಲ್ಕೂ ಕಡೆ ಮೆಟ್ಟಿಲು, ಮೆಟ್ಟಿಲ ನಡುನಡುವೆ ಪುಟ್ಟ ಪುಟ್ಟ ಗುಡಿಗಳು. ಅದರ ಫೋಟೋವನ್ನು ಮೊಬೈಲಿನಲ್ಲಿ ಗಾರೆಯವನಿಗೆ ತೋರಿಸಿ, ಸುಮಾರಾಗಿ ಹೀಗೆ ಎಂದೆ. ಅವನು ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, ನನ್ನ ಹತ್ತಿರ ಇರೋದು ಎರಡು ಮೂಟೆ ಸಿಮೆಂಟು ಕಣಮ್ಮ ಎಂದ. ಕೊನೆಗೆ ಮೂರು ಮೆಟ್ಟಿಲು, ಒಂದು ಗೂಡು ಆಯಿತು. ಗೂಡಿನಲ್ಲಿ ಒಂದು ಗಣಪತಿ ಇಡಬೇಕೆಂದಿದ್ದೆ, ಅಷ್ಟರಲ್ಲಿ ಒಂದು ಕಪ್ಪೆ ಬಂದು ಕುಳಿತಿತು. ಈಗಲೂ ಅದರ ವಂಶಸ್ಥರೇ ಅಲ್ಲಿದ್ದಾರೆ.

ಆ ಮೇಲೆ ನನ್ನ ಜಂಬಕ್ಕೆ ಮೂಗುದಾರವಿಲ್ಲದಾಯಿತು. ಸ್ಟಾಫ್ ರೂಮಿನಲ್ಲಿ ಕೊಳ, ತರಗತಿಯಲ್ಲಿ ಕೊಳ, ತರಕಾರಿ ಅಂಗಡಿಯಲ್ಲಿ ಕೊಳ. ಒಮ್ಮೆ ಮಾಲೇಕಲ್ಲಿನ ವೆಂಕಟರಮಣನ ಗುಡಿಗೆಂದು ಬೆಟ್ಟ ಹತ್ತುವಾಗ ದಣಿವಾರಿಸಿಕೊಳ್ಳಲು ತಿರುಗಿ ನಿಂತೆ. ದೂರದಲ್ಲಿ ಊರ ಕಡೆ ಏನೋ ಫಳಕ್ಕೆಂದಿತು. ನೋಡಿ, ನಮ್ಮ ಕೊಳ ಇಲ್ಲಿಗೂ ಕಾಣುತ್ತದೆ ಎಂದೆ. ಯಜಮಾನರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಅದು ಯಾರದೋ ಮನೆಯ ಸೋಲಾರು ಎಂದರು. ವೆಂಕಟರಮಣನ ಮುಂದೆ ಆ ದಿನ ನಾನು ಏನು ಬೇಡಿಕೊಂಡೆನೋ ನೆನಪಿಲ್ಲ.

ನಾನು ನಿವೃತ್ತಳಾದ ದಿನ ಶಾಲೆಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಹತ್ತನೇ ತರಗತಿಯ ಮಕ್ಕಳು ವೇದಿಕೆಯ ಮೇಲೆ ಬಂದು ನೀರು ತುಂಬಿದ ಒಂದು ಚೀಲವನ್ನು ನನ್ನ ಕೈಗೆ ಕೊಟ್ಟರು. ಒಳಗೆ ಕಿತ್ತಳೆ ಬಣ್ಣದ ಏಳು ಗೆಂಡೆ ಮೀನು, ಒಂದೊಂದೂ ನನ್ನ ಕಿರುಬೆರಳಷ್ಟು. ಹಾಸನದ ಅಂಗಡಿಯಿಂದ ತರಿಸಿದ್ದರಂತೆ. ನಿಮ್ಮ ಕೊಳಕ್ಕೆ ಮಿಸ್ ಎಂದರು. ಅಷ್ಟು ಹೊತ್ತು ಭಾಷಣಗಳನ್ನೆಲ್ಲ ಗಟ್ಟಿಯಾಗಿ ಕೂತು ಕೇಳಿದವಳು ಆಗ ಅತ್ತುಬಿಟ್ಟೆ. ನಾವು ಮೀನು ತಿನ್ನುವ ಮನೆಯವರೇ, ಆದರೆ ಆ ಏಳರ ಮೇಲೆ ಕಣ್ಣು ಹಾಕಿದರೆ ನಾನು ಸುಮ್ಮನಿರುವುದಿಲ್ಲ ಎಂದು ಮನೆಗೆ ಬಂದವಳೇ ಎಲ್ಲರಿಗೂ ಹೇಳಿದೆ. ಎಲ್ಲರೂ ಅಂದರೆ ಯಜಮಾನರು ಮತ್ತು ಅತ್ತೆ.

ನನ್ನ ಅತ್ತೆಯ ಹೆಸರು ಸಿದ್ದಮ್ಮ. ಎಂಬತ್ತು ದಾಟಿದ್ದಾರೆ. ಹುಟ್ಟಿದ್ದು ಹಳೇಬೀಡಿನ ಕೆರೆಯ ಮಗ್ಗುಲಿನ ಹಳ್ಳಿಯಲ್ಲಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಬಸ್ಸಿನ ಬೋರ್ಡನ್ನು ಅದರ ಬಣ್ಣ ನೋಡಿ ಗುರುತಿಸುವವರು. ನಾನು ಸೊಸೆಯಾಗಿ ಬಂದಾಗ ಅವರು ತಮ್ಮ ಓರಗೆಯವರಿಗೆಲ್ಲ ನಮ್ಮ ಸೊಸೆ ಬಿಎಸ್ಸಿ ಎಂದು ಹೇಳಿಕೊಂಡು ಬಂದರಂತೆ. ಅದು ಏನು ಎಂದು ಯಾರೋ ಕೇಳಿದ್ದಕ್ಕೆ, ಅದು ನಿನಗೆ ತಿಳಿಯಾಕಿಲ್ಲ ಎಂದರಂತೆ. ಹಾಗೆಂದು ನಮ್ಮಿಬ್ಬರ ನಡುವೆ ಎಲ್ಲವೂ ಹಾಲುಜೇನು ಎಂದುಕೊಳ್ಳಬೇಡಿ. ಸಾರಿಗೆ ಎಷ್ಟು ಹುಣಸೆಹಣ್ಣು ಎಂಬಲ್ಲಿಂದ ಹಿಡಿದು ಜ್ವರಕ್ಕೆ ಏನು ಮದ್ದು ಎಂಬಲ್ಲಿಯವರೆಗೆ ಅವರದೊಂದು ದಾರಿ, ನನ್ನದೊಂದು. ಜಗಳವಾಡುತ್ತಿರಲಿಲ್ಲ. ಅವರು ಹೇಳುತ್ತಿದ್ದರು, ನಾನು ಹೂಂ ಎಂದು ನನಗೆ ತೋಚಿದ್ದನ್ನು ಮಾಡುತ್ತಿದ್ದೆ. ಮರ್ಯಾದೆ ಕೊಟ್ಟೇ ಮಾತು ಮೀರುವುದು ಓದಿದ ಸೊಸೆಯರಿಗೆ ಒಲಿದ ವಿದ್ಯೆ.

ಕೊಳ ತೊಳೆಯುವ ಕೆಲಸ ಈಗ ನನಗೆ ಚೆನ್ನಾಗಿ ಗೊತ್ತು. ಮೊದಲು ಜರಡಿಯಲ್ಲಿ ಹೊಂಗೆ ಎಲೆ ಎತ್ತಬೇಕು. ಚಳಿಗಾಲವೆಲ್ಲ ತಳಕ್ಕಿಳಿದು ಮಂಕಾಗಿ ಕೂತಿದ್ದ ಮೀನುಗಳು ಬಿಸಿಲು ಬಲಿತಂತೆ ಮೇಲೆ ಬಂದು ಓಡಾಡತೊಡಗುತ್ತವೆ, ಹಸಿವು ಹೆಚ್ಚುತ್ತದೆ, ಆ ಹೊತ್ತಿಗೆ ತಳದ ಹೂಳು ಹೋಗಿರಬೇಕು. ಮೀನುಗಳನ್ನು ಅದೇ ನೀರಿನ ಸಮೇತ ಬಾನಿಗೆ ಬಿಡುವುದು. ಬಾನಿ ಎಂದರೆ ಹಸುವಿಗೆ ಕಲಗಚ್ಚು ಹಾಕುತ್ತಿದ್ದ ಕಲ್ಲಿನ ತೊಟ್ಟಿ, ಅತ್ತೆಯೊಂದಿಗೆ ಹಳ್ಳಿಯಿಂದ ಬಂದದ್ದು. ಕೊಳದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ತೆಂಗಿನ ಪಾತಿಗೆ ಹಾಕುವುದು, ಆದರೆ ಮೊಣಕಾಲುದ್ದ ನೀರು ಹಾಗೆಯೇ ಬಿಡುವುದು. ಹೂಳನ್ನು ಮೆಲ್ಲಗೆ ಗೋರಿ ತೆಗೆಯುವುದು. ಹೊಸ ನೀರನ್ನು ಡ್ರಮ್ಮಿನಲ್ಲಿ ಎರಡು ದಿನ ಬಿಸಿಲಿಗಿಟ್ಟು, ಬ್ಲೀಚಿಂಗ್ ವಾಸನೆ ಹೋದ ಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸುವುದು. ಇಷ್ಟು ಸಲೀಸಾಗಿ ಹೇಳುತ್ತಿದ್ದೇನಲ್ಲ, ಕಲಿತದ್ದು ಮಾತ್ರ ಅಷ್ಟು ಸಲೀಸಾಗಿ ಅಲ್ಲ.

ಚಿಕ್ಕಂದಿನಲ್ಲಿ ನೀರಿನ ಜಾಗ ತೊಳೆಯುವುದೆಂದರೆ ನನಗೆ ಬಾವಿ ತೊಳೆಯುವುದೇ. ನನ್ನ ತವರು ಬಾಣಾವರ. ರೈಲು ಬಂದಾಗ ಅಡುಗೆಮನೆಯ ತಟ್ಟೆಗಳೆಲ್ಲ ಅದುರುವಷ್ಟು ಸ್ಟೇಷನ್ನಿಗೆ ಹತ್ತಿರದ ಮನೆ. ನಮಗೂ ಪಕ್ಕದ ಮನೆಯ ಗಂಗಮ್ಮನವರಿಗೂ ಸೇರಿ ಒಂದೇ ಬಾವಿ. ಬೇಸಿಗೆಗೆ ಮೊದಲು ಒಬ್ಬ ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಳಗಿಳಿದು ಬುಟ್ಟಿ ಬುಟ್ಟಿ ಕೆಸರು ಮೇಲೆ ಕಳಿಸುತ್ತಿದ್ದ. ನಾವು ಮಕ್ಕಳು ಆ ಕೆಸರಿನ ಗುಡ್ಡೆಯ ಸುತ್ತ ಕುಳಿತು ಬೆರಳಾಡಿಸುತ್ತಿದ್ದೆವು. ಸೌಟು, ಬಾಚಣಿಗೆ, ಅಪ್ಪನ ಪೆನ್ನು, ಒಂದು ಕಾಲಿನ ಗೊಂಬೆ, ಏನೇನೋ ಬರುತ್ತಿತ್ತು. ಒಂದು ವರ್ಷ ಹಿತ್ತಾಳೆಯ ಚೊಂಬು ಬಂತು. ಆ ಚೊಂಬನ್ನು ಗಂಗಮ್ಮನೇ ತೆಗೆದುಕೊಂಡಿದ್ದಾಳೆಂದು ನಮ್ಮಮ್ಮ ಎರಡು ವರ್ಷದಿಂದ ಅವರೊಡನೆ ಮಾತು ಬಿಟ್ಟಿದ್ದಳು. ಅಮ್ಮ ಒಂದು ಮಾತೂ ಆಡದೆ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅದರ ತುಂಬ ಪಾಯಸ ಹುಯ್ದು, ನನ್ನ ಕೈಯಲ್ಲಿ ಗಂಗಮ್ಮನವರಿಗೆ ಕಳಿಸಿದಳು. ಅವರು ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿ, ಪಾಯಸ ಬಗ್ಗಿಸಿಕೊಂಡು, ಖಾಲಿ ಪಾತ್ರೆ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರು. ಸಂಜೆ ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ತಪ್ಪನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ, ನನಗೂ ಅಭ್ಯಾಸವಾಗಿರಲಿಲ್ಲ.

ನಿವೃತ್ತಿಯ ನಂತರದ ಮೊದಲ ಯುಗಾದಿ ಹತ್ತಿರ ಬಂತು. ಏಳು ಮೀನುಗಳೂ ಅಷ್ಟರಲ್ಲಿ ಗೇಣುದ್ದ ಬೆಳೆದಿದ್ದವು. ಹಬ್ಬಕ್ಕೆ ಬೇಲೂರಿನಿಂದ ನಾದಿನಿ, ಅವಳ ಯಜಮಾನರು ರಾಜಣ್ಣ, ಅವರ ಕಡೆಯವರು ಇನ್ನಿಬ್ಬರು ಬರುವವರಿದ್ದರು. ಯಗಚಿ ಹೊಳೆಯ ನೀರು ಕುಡಿಯುವ ಜನ, ನಮ್ಮೂರನ್ನು ಬರಗಾಲದ ಊರು ಎಂದು ಛೇಡಿಸುವವರು. ಈ ಸಲ ಅವರನ್ನು ನೇರವಾಗಿ ಹಿತ್ತಲಿಗೇ ಕರೆದುಕೊಂಡು ಹೋಗಬೇಕು, ಕೊಳ ನೋಡಿ ಅವರ ಬಾಯಿ ಕಟ್ಟಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಸೀರೆ ಎತ್ತಿಕಟ್ಟಿ ಇಳಿದೆ. ಗೆಂಡೆಗಳನ್ನು ಡ್ರಮ್ಮಿಗೆ, ಗಪ್ಪಿಗಳನ್ನು ಒಂದು ಬಕೆಟ್ಟಿಗೆ ಹಾಕಿದೆ. ನೀರನ್ನೆಲ್ಲ ಮೊಗೆದು ಚೆಲ್ಲತೊಡಗಿದೆ.

ಅತ್ತೆ ಜಗಲಿಯಿಂದ, ಪೂರ್ತಿ ಬರಿದು ಮಾಡಬ್ಯಾಡ, ಒಂದಷ್ಟು ಹಳೇ ನೀರು ಇರಲಿ ಎಂದರು. ಅವರ ಲೆಕ್ಕದಲ್ಲಿ ಯಾವುದನ್ನೂ ಪೂರ್ತಿ ಬರಿದು ಮಾಡಬಾರದು. ರಾಗಿ ಡಬ್ಬ ತೊಳೆಯುವಾಗ ಒಂದು ಹಿಡಿ ರಾಗಿ ತೆಗೆದಿಟ್ಟು ಮತ್ತೆ ಅದನ್ನೇ ಮೊದಲು ಹಾಕಬೇಕು. ಮೊಸರಿನ ಪಾತ್ರೆಯಲ್ಲಿ ಹೆಪ್ಪಿಗೆ ಉಳಿಯಬೇಕು. ಅವರ ತವರಿನಲ್ಲಿ ಕೆರೆ ಬತ್ತುವಾಗ ಊರೆಲ್ಲ ಮೀನು ಹಿಡಿದರೂ ತೂಬಿನ ಹತ್ತಿರದ ಮಡುವಿಗೆ ಯಾರೂ ಬಲೆ ಹಾಕುತ್ತಿರಲಿಲ್ಲವಂತೆ. ಇದನ್ನೆಲ್ಲ ನಾನು ಎಷ್ಟೋ ಸಲ ಕೇಳಿದ್ದೆ. ಅವತ್ತು ಬಿಸಿಲು ನೆತ್ತಿಗೇರಿತ್ತು, ಸೊಂಟ ನೋಯುತ್ತಿತ್ತು, ನೀರು ಹಸಿರು ಹಸಿರಾಗಿ ನಾರುತ್ತಿತ್ತು. ನಾನು ತಿರುಗಿ, "ಅತ್ತೆ, ಇದು ವಿಜ್ಞಾನ. ನಿಮಗೆ ಗೊತ್ತಾಗೋದಿಲ್ಲ, ಸುಮ್ನಿರಿ" ಎಂದೆ.

ಆಡಬಾರದಿದ್ದ ಮಾತು. ಇಪ್ಪತ್ತೆಂಟು ವರ್ಷ ಹೂಂ ಎಂದುಕೊಂಡೇ ಬಂದಿದ್ದವಳು ಅವತ್ತು ಬಾಯಿಬಿಟ್ಟು ಆಡಿಬಿಟ್ಟೆ. ಅತ್ತೆ ಎದ್ದು ನುಗ್ಗೆಮರದ ಕಡೆ ಹೋದರು. ಊಟ ಮುಗಿಸಿ, ಒಂದು ನಿದ್ದೆ ಮಾಡಿ ಬಂದು ನಾನು ತೊಟ್ಟಿಯ ತಳವನ್ನು ತೆಂಗಿನ ನಾರು ಹಾಕಿ ಹಂಚು ತಿಕ್ಕಿದಂತೆ ತಿಕ್ಕಿದೆ.

ಮಾರನೆಯ ದಿನ ಹಿಂದಿನ ಕಾಂಪೌಂಡಿಗೆ ಹಬ್ಬದ ಸುಣ್ಣ ಬಳಿಯುವವರು ಬಂದರು. ಅವರು ಹೋದ ಮೇಲೆ ಅರ್ಧ ಡ್ರಮ್ಮು ಸುಣ್ಣ ಉಳಿದಿತ್ತು. ನಮ್ಮ ಸೀಮೆಯಲ್ಲಿ ಯುಗಾದಿಗೆ ಸುಣ್ಣ ಕಾಣದ ಗೋಡೆಯಿಲ್ಲ. ತುಳಸಿಕಟ್ಟೆ, ತೆಂಗಿನಮರದ ಬುಡ, ಕೊನೆಗೆ ಬಟ್ಟೆ ಒಗೆಯುವ ಕಲ್ಲಿಗೂ ಒಂದು ಕೈ ಬಳಿಯುತ್ತೇವೆ. ಉಳಿದ ಸುಣ್ಣ ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಎರಡು ಚಮಚ ನೀಲಿ ಬೆರೆಸಿ ಕೊಳದ ಒಳಗೋಡೆ, ತಳ, ಮೂರು ಮೆಟ್ಟಿಲು, ಕಪ್ಪೆಯ ಗೂಡು ಎಲ್ಲದಕ್ಕೂ ನಾನೇ ಎರಡೆರಡು ಕೋಟು ಹೊಡೆದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಫೋಟೋ ತೆಗೆದು ಹಳೆಯ ಸಹೋದ್ಯೋಗಿಗಳಿಗೆಲ್ಲ ಕಳಿಸಿದೆ. ಸುಣ್ಣದ ತಿಳಿಯನ್ನು ಗಾಜಿನ ಲೋಟದಲ್ಲಿ ಹಿಡಿದು, ಮಕ್ಕಳೇ ಇದು ಪ್ರತ್ಯಾಮ್ಲ, ಕೆಂಪು ಲಿಟ್ಮಸ್ಸನ್ನು ನೀಲಿ ಮಾಡುತ್ತದೆ, ಚರ್ಮಕ್ಕೆ ತಾಗಿಸಬೇಡಿ ಎಂದು ಮೂವತ್ತೊಂದು ವರ್ಷ ಹೇಳಿದ ಬಾಯಿ ಇದೇ. ಓದಿ ಓದಿ ಮರುಳಾದ ಕೂಚಂಭಟ್ಟನಿಗೆ ನಾನು ಅಕ್ಕನೇ ಇರಬೇಕು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕೊಳಕ್ಕೆ ಟ್ಯಾಂಕರ್ ನೀರು ತುಂಬಿಸಿ, ಏಳು ಮೀನುಗಳನ್ನೂ ಒಂದೊಂದಾಗಿ ಬಿಟ್ಟೆ. ಗಪ್ಪಿಗಳನ್ನು ಆಮೇಲೆ ಬಿಡೋಣವೆಂದು ಬಕೆಟ್ಟಿನಲ್ಲೇ ಇಟ್ಟೆ. ಬೆಳ್ಳನೆಯ ತಳದ ಮೇಲೆ ಕಿತ್ತಳೆ ಮೀನುಗಳು ತಿರುಗಿದಾಗ ಕಣ್ಣಿಗೆ ಹಬ್ಬವಾಯಿತು. ಸ್ವಲ್ಪ ಹೊತ್ತಿಗೆ ಅವು ಮೇಲೆ ಬಂದು ನೆಗೆಯತೊಡಗಿದವು. ಒಂದು ಬಿದ್ದರೆ ಇನ್ನೊಂದು ಏಳುತ್ತದೆ. ನಾನು ಯಜಮಾನರನ್ನು ಕೂಗಿ ಕರೆದು, ನೋಡಿ ನೋಡಿ, ಹೊಸ ಮನೆ ಕಂಡು ಹೇಗೆ ಕುಣಿಯುತ್ತಿವೆ ಎಂದೆ. ಅವರೂ ನೋಡಿ, ಪರವಾಗಿಲ್ಲ ಎಂದರು. ನನ್ನ ಕೊಳದ ಬಗ್ಗೆ ಅವರ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು.

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದರು. ಒಂದು ಗಳಿಗೆ ಬಗ್ಗಿ ನೋಡಿದರು.

"ಕುಣೀತಿಲ್ಲ ಕಣವ್ವ, ಸಾಯ್ತಾವೆ. ಮದ್ಲು ಎತ್ತು."

ಅತ್ತೆ ಅಡುಗೆಮನೆಗೆ ಹೋಗಿ ಕೈಗೆ ಸಿಕ್ಕಿದ ರಾಗಿ ಜರಡಿ ತಂದು ನನ್ನ ಕೈಗೆ ತುರುಕಿದರು. ನಾನು ಸೀರೆಯ ಸಮೇತ ನೀರಿಗಿಳಿದೆ. ಕಾಲಿಗೆ ಸುಣ್ಣದ ನೀರು ಉರಿದಾಗಲೇ ನನಗೆ ಎಲ್ಲವೂ ಅರ್ಥವಾದದ್ದು. ಒಂದು ಮೀನು ಆಗಲೇ ಮಗುಚಿ ಬಿದ್ದಿತ್ತು. ಉಳಿದ ಆರನ್ನು ಹೇಗೋ ಜರಡಿಯಲ್ಲಿ ಹಿಡಿದೆ. ಹಿಡಿದೆನೇನೋ ಸರಿ, ಹಾಕುವುದು ಎಲ್ಲಿಗೆ? ಗಪ್ಪಿಗಳ ಬಕೆಟ್ಟು ಇವಕ್ಕೆ ಸಾಲದು. ಹಳೆಯ ನೀರನ್ನು ಒಂದು ತೊಟ್ಟೂ ಬಿಡದೆ ತೆಂಗಿಗೆ ಹುಯ್ದು, ಮೀನಿಟ್ಟಿದ್ದ ಡ್ರಮ್ಮನ್ನೂ ತೊಳೆದು ಬೋರಲು ಹಾಕಿದ್ದೆ. ನಲ್ಲಿಯ ನೀರು ಬ್ಲೀಚಿಂಗ್ ನಾರುತ್ತಿತ್ತು. ಎಲ್ಲಿಗೆ ಹಾಕಲಿ ಅತ್ತೆ, ಎಲ್ಲಿಗೆ ಹಾಕಲಿ ಎಂದು ಮಕ್ಕಳ ಹಾಗೆ ಅಳುತ್ತ ಕೇಳಿದೆ.

ಅತ್ತೆ ನುಗ್ಗೆಮರದ ಬುಡಕ್ಕೆ ನಡೆದು ಬಾನಿಯ ಮೇಲಿನ ಗೋಣಿತಾಟು ಎತ್ತಿದರು. ಬಾನಿಯ ತುಂಬ ಹಸಿರು ನೀರು. ನಾನು ಸುಮ್ಮನಿರಿ ಎಂದ ದಿನ, ನಾನು ಊಟ ಮಾಡಿ ಮಲಗಿದ್ದ ಮಧ್ಯಾಹ್ನದಲ್ಲಿ, ಕೊಳದಲ್ಲಿ ಕೊನೆಗೆ ಉಳಿದಿದ್ದ ನೀರನ್ನು ಸಣ್ಣ ಬಿಂದಿಗೆಯಲ್ಲಿ ಮೊಗೆದು ಮೊಗೆದು ಆ ಮುದುಕಿ ಅಲ್ಲಿಗೆ ಹೊತ್ತು ಹಾಕಿದ್ದರು. ಎಷ್ಟು ಸಲ ನಡೆದರೋ, ಎಷ್ಟು ಸಲ ಕೂತು ಎದ್ದರೋ, ಅವರು ಹೇಳಲಿಲ್ಲ, ನಾನು ಕೇಳುವ ಧೈರ್ಯ ಮಾಡಲಿಲ್ಲ.

ಮೀನುಗಳನ್ನು ಬಾನಿಗೆ ಬಿಟ್ಟದ್ದೇ ತಡ, ಅತ್ತೆ ಪಕ್ಕದಲ್ಲಿ ಮಣೆ ಹಾಕಿಸಿಕೊಂಡು ಕೂತರು. ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಹುಯ್ಯುವುದು, ಮತ್ತೆ ಮೊಗೆಯುವುದು, ಮತ್ತೆ ಹುಯ್ಯುವುದು. ಅವರ ಅಪ್ಪ ಮೀನುಮರಿಗಳನ್ನು ಮಡಕೆಯಲ್ಲಿ ಹೊತ್ತು ತರುವಾಗ ದಾರಿಯುದ್ದಕ್ಕೂ ಹೀಗೆ ಕೈಯಾಡಿಸುತ್ತಿದ್ದರಂತೆ. "ನೀರಿಗೂ ಉಸಿರು ಹಾಕ್ಬೇಕು ಕಣವ್ವ" ಎಂದರು. ನೀರಿನಲ್ಲಿ ಆಮ್ಲಜನಕ ಕರಗುವ ಬಗೆಯನ್ನು ನಾನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಅವರ ಕೈ ಸೋತಾಗ ನಾನು, ನನ್ನ ಕೈ ಸೋತಾಗ ಯಜಮಾನರು, ದೀಪ ಹಚ್ಚುವ ಹೊತ್ತಿನವರೆಗೂ ಚೊಂಬು ಕೆಳಗಿಡಲಿಲ್ಲ. ಸತ್ತ ಒಂದನ್ನು ತೆಂಗಿನ ಬುಡದಲ್ಲಿ ಹೂತೆ. ನನ್ನ ಕೊನೆಯ ತರಗತಿಯ ಮಕ್ಕಳ ಮುಖ ಕಣ್ಣ ಮುಂದೆ ಬಂದು ಮಣ್ಣು ಮುಚ್ಚಲು ಕೈ ಬರಲಿಲ್ಲ.

ಯುಗಾದಿಯ ಬೆಳಿಗ್ಗೆ ಎಣ್ಣೆ ನೀರಿಗೆ ಮೊದಲು ಬಾನಿಗೆ ಹೋಗಿ ನೋಡಿದೆ. ಆರೂ ಬದುಕಿದ್ದವು. ಒಂದು ಕಾಳು ಮಂಡಕ್ಕಿ ಹಾಕಿದರೆ ಮೂತಿ ಮೇಲೆ ಮಾಡಿ ಎಳೆದುಕೊಂಡವು. ಸುಣ್ಣದ ನೀರನ್ನು ರಾತ್ರಿಯೇ ಹೊರಹಾಕಿದ್ದರಿಂದ ಕೊಳ ಮಾತ್ರ ಖಾಲಿ, ಬಿಳಿಚಿಕೊಂಡು ಬಿಸಿಲಿಗೆ ಕೂತಿತ್ತು.

ನೆಂಟರು ಬಂದರು. ಹಿತ್ತಲಿಗೆ ಯಾರೂ ಹೋಗದಂತೆ ನಾನು ಬಾಗಿಲಿಗೇ ಅಡ್ಡ ನಿಂತು ಬೇವುಬೆಲ್ಲ ಹಂಚಿದೆ. ಮೊದಲ ಪಂಕ್ತಿಯಲ್ಲಿ ಗಂಡಸರು ಉಂಡರು. ಕೈ ತೊಳೆಯಲು ಹೋದ ರಾಜಣ್ಣ ಅಲ್ಲಿಂದಲೇ ಎಲ್ಲರನ್ನೂ ಕರೆದರು. ಬೇಲೂರಿನ ಮಂದಿಯೆಲ್ಲ ಹಿತ್ತಲಲ್ಲಿ ನೆರೆದರು. ಖಾಲಿ ಕೊಳ ಒಂದು ಕಡೆ, ಬಾನಿಯಲ್ಲಿ ಮೀನು ಒಂದು ಕಡೆ. ಯುಗಾದಿಯ ಮಾರನೆಯ ದಿನ ಹೊಸತೊಡಕು, ಅವತ್ತು ನಮ್ಮಲ್ಲಿ ಮಾಂಸ ಮೀನಿನ ಊಟ. ರಾಜಣ್ಣ ನಗುತ್ತ, "ಏನಕ್ಕಾ, ನಾಳೆ ಹೊಸತೊಡಕಿಗೆ ಇವತ್ತೇ ಹಿಡಿದು ಮಡಗಿದ್ದೀರಲ್ಲ" ಎಂದರು.

ಅತ್ತೆ ಹಿಂದಿನಿಂದ, "ಹಬ್ಬ ಅಲ್ವೇನಪ್ಪಾ, ನಮಗೆಲ್ಲ ಎಣ್ಣೆ ನೀರು ಆಯ್ತು, ಅವಕ್ಕೂ ಹೊಸ ಮನೆ ಬ್ಯಾಡ್ವಾ? ಸುಣ್ಣ ಬಣ್ಣ ಆಗೈತೆ, ಒಣಗ್ಲಿ ಅಂತ ಇಲ್ಲಿ ಬಿಟ್ಟವ್ಳೆ" ಎಂದರು. ಎಲ್ಲರೂ ನಕ್ಕರು, ಎಲ್ಲರಿಗೂ ಸರಿ ಎನಿಸಿತು. ಏನೇ ಹೇಳಿ, ಓದಿದವರ ಮನೆಯ ಅಚ್ಚುಕಟ್ಟೇ ಬೇರೆ ಎಂದು ರಾಜಣ್ಣ ನನ್ನ ಕಡೆ ತಿರುಗಿ ತಲೆದೂಗಿದರು. ಅತ್ತೆಯೂ ಅವರೊಡನೆ ತಲೆದೂಗಿದರು. ನಾನು ಬಚಾವಾಗಿದ್ದೆ. ವರ್ಷಗಟ್ಟಲೆ ಕಾದಿದ್ದ ಹೊಗಳಿಕೆ ಬೇಲೂರಿನವರ ಬಾಯಿಂದ ಬಂದೇ ಬಂದಿತ್ತು.

ಅದನ್ನು ನುಂಗಲು ನನ್ನಿಂದ ಆಗಲಿಲ್ಲ. ಅತ್ತೆಯ ಬಲಗೈ ಕಣ್ಣಿಗೆ ಬಿತ್ತು. ಹಿಂದಿನ ದಿನವೆಲ್ಲ ಚೊಂಬು ಎತ್ತಿ ಅವರ ಮಣಿಕಟ್ಟು ಊದಿಕೊಂಡಿತ್ತು, ಅದನ್ನು ಸೆರಗಿನೊಳಗೆ ಮರೆಮಾಡಿಕೊಂಡಿದ್ದರು. ನಾನು ತರಗತಿಯಲ್ಲಿ ಹೇಳುವಂತೆ, ಎಲ್ಲರೂ ಸ್ವಲ್ಪ ಇಲ್ಲಿ ಕೇಳಿ ಎಂದೆ. ಕೇಳಿದರು. ಹಳೆಯ ನೀರು ಚೆಲ್ಲಬೇಡ ಎಂದು ಅತ್ತೆ ಹೇಳಿದ್ದನ್ನೂ, ನಿಮಗೆ ಗೊತ್ತಾಗುವುದಿಲ್ಲ ಎಂದು ನಾನು ಅಂದದ್ದನ್ನೂ, ಸುಣ್ಣ ಬಳಿದದ್ದನ್ನೂ, ಸಾಯುವ ಮೀನನ್ನು ಕುಣಿಯುತ್ತಿದೆ ಎಂದು ತೋರಿಸಿದ್ದನ್ನೂ ಒಂದೂ ಬಿಡದೆ ಹೇಳಿದೆ. "ಇವು ಉಳಿದಿರೋದು ಅತ್ತೆಯಿಂದ. ನಾನು ಓದಿದ್ದು ನೆನಪಿಗೆ ಬರಲಿಲ್ಲ, ಅವರು ಕಂಡಿದ್ದು ಮರೆತಿರಲಿಲ್ಲ" ಎಂದೆ. ಹೇಳಿ ಮುಗಿಸುವಾಗ ನಾಚಿಕೆ ಎಲ್ಲೋ ಹೋಗಿತ್ತು. ಇಂಥವರ ಸೊಸೆ ನಾನು ಎಂಬ ಹೆಮ್ಮೆ ಅದರ ಜಾಗಕ್ಕೆ ಬಂದಿತ್ತು. ಕೊಳ ಕಟ್ಟಿಸಿದಾಗ ಪಟ್ಟ ಹೆಮ್ಮೆ ಇದರ ಮುಂದೆ ಏನೂ ಅಲ್ಲ.

ರಾಜಣ್ಣ ಕೂಡ ನಗಲಿಲ್ಲ. ಅತ್ತೆ ಎಲ್ಲರನ್ನೂ ಒಮ್ಮೆ ನೋಡಿ, "ನಮ್ಮ ಸೊಸೆ ಟೀಚರಮ್ಮ ಕಣ್ರಪ್ಪಾ, ತಾನು ತಪ್ಪಿದ್ದನ್ನೂ ಪಾಠ ಮಾಡ್ತಾಳೆ" ಎಂದು ಹೇಳಿ ಒಳಗೆ ನಡೆದರು.

ಎರಡನೆಯ ಪಂಕ್ತಿಗೆ ಹೆಂಗಸರು ಕೂತರು. ನಾನು ಎಂದಿನಂತೆ ಬಡಿಸಲು ಹುಳಿಯ ಪಾತ್ರೆ ಹಿಡಿದು ಬಂದೆ. ನಮ್ಮ ಮನೆಯಲ್ಲಿ ಹಬ್ಬದ ದಿನ ಸೊಸೆ ಉಣ್ಣುವುದು ಎಲ್ಲರದೂ ಮುಗಿದ ಮೇಲೆಯೇ. ಅತ್ತೆ ತಮ್ಮ ಪಕ್ಕದ ಜಾಗವನ್ನು ಕೈಯಿಂದ ಒರೆಸಿ, ಅಲ್ಲೊಂದು ಬಾಳೆಲೆ ಹಾಸಿಕೊಂಡು ಕಾಯುತ್ತಿದ್ದರು.

"ಆ ಪಾತ್ರೆ ಕೆಳಗಿಕ್ಕು. ಬಂದು ಇಲ್ಲಿ ಕೂತ್ಕ" ಎಂದರು. ಆಮೇಲೆ ಜಗಲಿಯ ಕಡೆ ತಿರುಗಿ, ಉಂಡು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಮಗನನ್ನು ಕರೆದರು. "ಲೋ ಮಂಜ, ಎದ್ದು ಬಾ. ಇವತ್ತು ನೀನು ಬಡಿಸು."

ಯಜಮಾನರು ಬಂದರು. ಹುಟ್ಟಿದಾಗಿನಿಂದ ಒಂದು ಸೌಟು ಹಿಡಿದವರಲ್ಲ. ಉಪ್ಪು ಹಾಕುವ ಮೊದಲೇ ಒಬ್ಬಟ್ಟು ಹಾಕಿದರು, ಕೋಸಂಬರಿಯನ್ನು ಅನ್ನದ ಜಾಗಕ್ಕೆ ಸುರಿದರು. ನಾದಿನಿ ಮುಸಿಮುಸಿ ನಕ್ಕಳು. ಅತ್ತೆ ಒಂದೊಂದನ್ನೂ ಹೇಳಿಕೊಟ್ಟು ಹಾಕಿಸಿದರು. ನನ್ನ ಎಲೆಯ ಹತ್ತಿರ ಬಂದಾಗ ಯಜಮಾನರೇ, ತುಪ್ಪ ಇನ್ನೊಂದು ಸೌಟು ಹಾಕ್ಲಾ ಎಂದರು.

ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇಪ್ಪತ್ತೆಂಟು ಯುಗಾದಿಗೆ ಒಬ್ಬಟ್ಟು ತಟ್ಟಿದ್ದೆ, ಬೇಯಿಸಿದ್ದೆ, ಬಡಿಸಿದ್ದೆ. ಬಿಸಿಯಾಗಿರುವಾಗ ತಿಂದದ್ದು ಅವತ್ತೇ ಮೊದಲು.